ಟ್ಯಾಂಕ್ ದೊಡ್ಡದಾಯಿತು, ಮೀನು ಇನ್ನಷ್ಟು ಸೊರಗಿತು: ಒಂದು ಬೆಟ್ಟಾ ಮನೆಯ ಪ್ರಕರಣ

ಫೈಟರ್ ಮೀನಿಗೆ, ಅಂದರೆ ಬೆಟ್ಟಾಗೆ, ಸಣ್ಣ ಗಾಜಿನ ಬೌಲ್ ಸಾಲದು ಅಂತ ಈಗ ಬಹಳ ಜನಕ್ಕೆ ಗೊತ್ತು. ಆದರೆ ದೊಡ್ಡ ಟ್ಯಾಂಕಿಗೆ ಹಾಕಿದ ಮೇಲೂ ಮೀನು ಸೊರಗುತ್ತಾ ಹೋದರೆ? ಆಗ ಜನ ಗಾಬರಿಯಾಗುತ್ತಾರೆ, ಔಷಧಿ ಸುರಿಯುತ್ತಾರೆ, ಇಲ್ಲವೇ ಮತ್ತೆ ಬೌಲಿಗೇ ಹಾಕಿಬಿಡುತ್ತಾರೆ. ಈ ಪ್ರಕರಣ ಅಂಥದ್ದೇ. ಆ ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಗುರುತು ಸಿಗುವಂಥ ವಿವರ ಎಲ್ಲ ಬಿಟ್ಟಿದ್ದೇನೆ. ಸಲಹೆ ಕೊಟ್ಟಿದ್ದು ನಾನು, ದಿನದಿನವೂ ನೀರಿಗೆ ಕೈ ಹಾಕಿ ಕೆಲಸ ಮಾಡಿದ್ದು ಅವರು.

ಹಿನ್ನೆಲೆ

ಮನೆಯಲ್ಲಿ ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು, ಅಜ್ಜಿ. ಮಗಳಿಗೆ ಉಡುಗೊರೆಯಾಗಿ ಬಂದಿದ್ದು ಒಂದು ಗಂಡು ಬೆಟ್ಟಾ. ನೀಲಿ ಬಣ್ಣ, ಹಾಫ್‌ಮೂನ್ ತಳಿ. ಬಾಲ ಪೂರ್ತಿ ಬಿಚ್ಚಿದರೆ 180 ಡಿಗ್ರಿ, ಅರ್ಧ ಚಂದ್ರನ ಆಕಾರ. ಜೊತೆಗೆ ಬಂದಿದ್ದು 2 ಲೀಟರಿನ ದುಂಡು ಬೌಲ್, ಒಂದು ಹಿಡಿ ಬಣ್ಣದ ಕಲ್ಲು, ಒಂದು ಡಬ್ಬಿ ಕಾಳು ಆಹಾರ. ‘ಇದು ಗಾಳಿ ಕುಡಿದು ಬದುಕುವ ಮೀನು, ಫಿಲ್ಟರ್ ಗಿಲ್ಟರ್ ಏನೂ ಬೇಡ’ ಅಂತ ಹೇಳಿ ಕೊಟ್ಟಿದ್ದರಂತೆ.

ಆ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅದು ಅಷ್ಟು ಸುಲಭವಾಗಿ ನಂಬಿಸುತ್ತದೆ. ಬೆಟ್ಟಾಗೆ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಅನ್ನುವ ಅಂಗ ಇದೆ. ಮೇಲೆ ಬಂದು ಬಾಯಿ ತುಂಬ ಗಾಳಿ ತೆಗೆದುಕೊಂಡು, ಅದರಿಂದ ಆಮ್ಲಜನಕ ಹೀರಿಕೊಳ್ಳುತ್ತದೆ. ಥಾಯ್ಲೆಂಡಿನ ಗದ್ದೆ, ಜೌಗು, ನಿಧಾನ ಹರಿಯುವ ಕಾಲುವೆಗಳೇ ಇದರ ಮೂಲ. ಆ ದೇಶ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಅಂಥ ಕಡೆ ನೀರಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಈ ಅಂಗ ಉಪಯೋಗಕ್ಕೆ ಬರುತ್ತದೆ. ಆದರೆ ಗಾಳಿ ಕುಡಿಯುವ ಶಕ್ತಿ ಇದ್ದರೆ ಕೊಳಕು ನೀರಿನ ವಿಷ ತಟ್ಟುವುದಿಲ್ಲ ಅಂತೇನಿಲ್ಲವಲ್ಲ! ಕಿವಿರು, ಚರ್ಮ, ರೆಕ್ಕೆ ಎಲ್ಲ ಇಪ್ಪತ್ನಾಲ್ಕು ಗಂಟೆಯೂ ಅದೇ ನೀರಲ್ಲೇ ಇರುತ್ತವೆ. ಇನ್ನು ಗದ್ದೆಯ ನೀರು ಆಳ ಇಲ್ಲದಿದ್ದರೂ ಹರವು ಬಹಳ, ಗಿಡ ತುಂಬಿರುತ್ತದೆ, ಬೆಚ್ಚಗಿರುತ್ತದೆ. ಬೌಲಿನಲ್ಲಿ ಇದ್ಯಾವುದೂ ಇಲ್ಲ.

ಬೌಲಿನಲ್ಲಿ ಮೀನು ಕೆಲವು ತಿಂಗಳು ಇತ್ತು. ನೀರು ಬೇಗ ಮಬ್ಬಾಗುತ್ತಿತ್ತು, ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಮೀನನ್ನು ಲೋಟಕ್ಕೆ ಹಾಕಿ, ಬೌಲ್ ತಿಕ್ಕಿ ತೊಳೆದು, ಹೊಸ ನಲ್ಲಿ ನೀರು ತುಂಬುತ್ತಿದ್ದರು. ಮೀನು ಬರುಬರುತ್ತಾ ಸಪ್ಪಗಾಯಿತು. ರೆಕ್ಕೆ ಮಡಚಿಕೊಂಡು ತಳದಲ್ಲೇ ಇರತೊಡಗಿತು. ಹೆಂಡತಿ ಅಲ್ಲಿ ಇಲ್ಲಿ ಓದಿ, ಬೌಲ್ ಸಾಲದು ಅಂತ ತಿಳಿದುಕೊಂಡು, 40 ಸೆಂಟಿಮೀಟರ್ ಉದ್ದದ, ಸುಮಾರು 20 ಲೀಟರ್ ನೀರು ಹಿಡಿಯುವ ಟ್ಯಾಂಕ್ ತಂದರು. ಅಂಚಿಗೆ ನೇತು ಹಾಕುವ ಫಿಲ್ಟರ್, ಲೈಟ್, ಪ್ಲಾಸ್ಟಿಕ್ ಗಿಡ, ಒಂದು ಕೋಟೆಯ ಗೊಂಬೆ, ಎಲ್ಲ ಬಂತು. ಅದೇ ಸಂಜೆ ಮೀನು ಹೊಸ ಮನೆಗೆ ಹೋಯಿತು.

ಸಮಸ್ಯೆ

ಒಂದು ವಾರ ಕಳೆಯುವಷ್ಟರಲ್ಲಿ ಸ್ಥಿತಿ ಬೌಲಿಗಿಂತ ಕೆಟ್ಟದಾಯಿತು. ಬಾಲ ಅಲ್ಲಲ್ಲಿ ಸೀಳಿತ್ತು. ಅಂಚು ಕಪ್ಪಾಗಿತ್ತು. ಊಟ ಬಿಟ್ಟಿತ್ತು. ಯಾರೋ ಹೇಳಿದರು ಅಂತ ನೀಲಿ ಔಷಧಿ ಹಾಕಿದ್ದರು, ಇನ್ಯಾರೋ ಒಂಟಿಯಾಗಿದೆ ಅದಕ್ಕೇ ಬೇಜಾರು, ಜೊತೆಗೆ ಒಂದು ಹೆಣ್ಣು ಮೀನೋ ಗೋಲ್ಡ್‌ಫಿಶ್ಶೋ ಬಿಡಿ ಅಂದಿದ್ದರು. ಅದೃಷ್ಟಕ್ಕೆ ಅದನ್ನು ಮಾಡಿರಲಿಲ್ಲ. ನನಗೆ ಫೋನ್ ಬಂದಾಗ ಗಂಡ ಕೇಳಿದ ಮೊದಲ ಮಾತು: ‘ಸಾರ್, ಟ್ಯಾಂಕ್ ತಂದಿದ್ದೇ ತಪ್ಪಾಯ್ತಾ? ಬೌಲ್‌ಗೇ ವಾಪಸ್ ಹಾಕ್ಬಿಡ್ಲಾ?’

ಬೇಡ, ಏನೂ ಮಾಡಬೇಡಿ, ಬಂದು ನೋಡುತ್ತೇನೆ ಅಂದೆ.

ಇಂಥ ಕಡೆ ಹೋದಾಗ ನಾನು ಮೊದಲು ಯಾವ ಕಿಟ್ಟನ್ನೂ ತೆಗೆಯುವುದಿಲ್ಲ. ಕುರ್ಚಿ ಹಾಕಿಕೊಂಡು ಟ್ಯಾಂಕಿನ ಮುಂದೆ ಸುಮ್ನೆ ಕೂರುತ್ತೇನೆ. ಮೀನು ಫಿಲ್ಟರಿನಿಂದ ದೂರದ ಮೂಲೆಯಲ್ಲಿ, ಕೋಟೆಯ ಗೊಂಬೆಯ ಹಿಂದೆ ಒತ್ತಿಕೊಂಡು ನಿಂತಿತ್ತು. ಗಾಳಿ ಬೇಕಾದಾಗ ಹೊರಟು ಮೇಲೆ ಏರುತ್ತಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಫಿಲ್ಟರಿನಿಂದ ಬೀಳುವ ನೀರಿನ ಸೆಳೆತ ಸಿಕ್ಕಿ, ಆ ಅಗಲ ಬಾಲ ಒಂದು ಕಡೆಗೆ ಹೊರಳಿ, ಮೈ ಅಡ್ಡವಾಗಿ ಮತ್ತೆ ಕೆಳಗೆ ಬರುತ್ತಿತ್ತು. ತಿರುಗಿ ಏರುತ್ತಿತ್ತು. ಕೊನೆಗೆ ಗಾಜಿನ ಅಂಚು ಹಿಡಿದು ಹೇಗೋ ಮೇಲೆ ಹೋಗಿ, ಒಂದು ಗುಟುಕು ಗಾಳಿ ತೆಗೆದುಕೊಂಡು, ಕೂಡಲೇ ಗೊಂಬೆಯ ಹಿಂದಕ್ಕೆ. ಪ್ರತಿ ಉಸಿರಿಗೂ ಇಷ್ಟು ಒದ್ದಾಟ. ಕಾಡಿನ ಬೆಟ್ಟಾಗೆ ಗಿಡ್ಡ ರೆಕ್ಕೆ, ಚುರುಕಾಗಿ ಈಜುತ್ತದೆ. ಈ ಉದ್ದ ಬಾಲ ಮನುಷ್ಯರು ಅಂದಕ್ಕಾಗಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು, ಮೀನಿಗೆ ಅದು ಹೊತ್ತುಕೊಂಡು ತಿರುಗುವ ಭಾರ.

ಆಮೇಲೆ ನೀರು ನೋಡಿದೆವು. ಅಮೋನಿಯಾ ಪರೀಕ್ಷೆಗೆ ಹನಿ ಹಾಕಿ ಕೊಳವೆ ಅಲ್ಲಾಡಿಸಿ ಇಟ್ಟರೆ ಹಳದಿಯಾಗಿಯೇ ಉಳಿಯಬೇಕು. ಇಲ್ಲಿ ನಿಮಿಷಗಳಲ್ಲಿ ಗಾಢ ಹಸಿರು. ಸುಮಾರು 2 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಎರಡು ಪಾಲು. ನೈಟ್ರೈಟ್ ಸೊನ್ನೆ, ನೈಟ್ರೇಟ್ ಸೊನ್ನೆ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 8ರ ಹತ್ತಿರ. ಬೆಳಗಿನ ಹೊತ್ತು ನೀರಿನ ಬಿಸಿ 21 ಡಿಗ್ರಿ, ಟ್ಯಾಂಕ್ ಕಿಟಕಿ ಪಕ್ಕ ಇದ್ದಿದ್ದರಿಂದ ಮಧ್ಯಾಹ್ನ 27ಕ್ಕೆ ಏರುತ್ತಿತ್ತು.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಹಳೇ ಟ್ಯಾಂಕಿನಲ್ಲಿ ಒಂದು ಗುಂಪು ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ಮೂರನೆಯದು ಅಷ್ಟು ಅಪಾಯ ಅಲ್ಲ, ನೀರು ಬದಲಿಸಿ ಕಡಿಮೆ ಮಾಡಿಕೊಳ್ಳಬಹುದು. ಇಲ್ಲಿ ಅಮೋನಿಯಾ ಮಾತ್ರ ಇದೆ, ಮುಂದಿನ ಎರಡೂ ಇಲ್ಲ. ಅಂದರೆ ಆ ಬ್ಯಾಕ್ಟೀರಿಯಾ ಇನ್ನೂ ಹುಟ್ಟಿಕೊಂಡೇ ಇಲ್ಲ. ಸೊನ್ನೆಯಿಂದ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಜೊತೆಗೆ ಹಾಕಿದ ನೀಲಿ ಔಷಧಿ ಈ ಬ್ಯಾಕ್ಟೀರಿಯಾಗಳಿಗೂ ಆಗಿಬರುವುದಿಲ್ಲ. ಪಿಎಚ್ ಬೇರೆ ಜಾಸ್ತಿ. ಒಂದೇ ಪ್ರಮಾಣದ ಅಮೋನಿಯಾ ಇದ್ದರೂ, ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಅದರ ವಿಷದ ಪಾಲು ಸುಮಾರು ಹತ್ತು ಪಟ್ಟು.

ಬಾಲದ ಬಗ್ಗೆಯೂ ಒಂದು ಮಾತು. ಸೀಳು, ಕೊಳೆತ, ಕಚ್ಚಿದ ಗುರುತು, ಮೂರೂ ಬೇರೆ ಬೇರೆ. ಏನಾದರೂ ತಗುಲಿ ಹರಿದರೆ ಅಂಚು ನೀಟಾಗಿ ಇರುತ್ತದೆ. ಕೊಳೆಯುತ್ತಿದ್ದರೆ ಅಂಚು ಕಪ್ಪಾಗಿಯೋ ಕೆಂಪಾಗಿಯೋ ಬಿಳಿಚಿಕೊಂಡೋ ದಿನದಿನಕ್ಕೆ ಒಳಕ್ಕೆ ಸರಿಯುತ್ತದೆ. ತಾನೇ ಕಚ್ಚಿಕೊಂಡರೆ ಅರ್ಧ ವೃತ್ತದ ಹಾಗೆ ಒಂದು ತುಂಡೇ ಹೋಗಿರುತ್ತದೆ. ಈ ಮೀನಿಗೆ ಮೊದಲ ಎರಡೂ ಇದ್ದವು. ಪ್ಲಾಸ್ಟಿಕ್ ಗಿಡ ಮತ್ತು ಗೊಂಬೆಯ ಚೂಪು ಕಿಟಕಿಗಳು ಸೀಳಿದ್ದವು, ಕೆಟ್ಟ ನೀರು ಆ ಗಾಯವನ್ನು ಕೊಳೆಸುತ್ತಿತ್ತು.

ಏನು ಮಾಡಿದೆವು, ಯಾವ ಕ್ರಮದಲ್ಲಿ

ಮೊದಲ ತೀರ್ಮಾನ ಔಷಧಿ ನಿಲ್ಲಿಸುವುದು. ಮನೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ, ‘ಕಾಯಿಲೆ ಕಣ್ಣಿಗೆ ಕಾಣ್ತಿದೆಯಲ್ಲ’ ಅಂದರು ಅಜ್ಜಿ. ನಾನು ಹೇಳಿದ್ದು ಇಷ್ಟೇ: ಹೊಗೆ ತುಂಬಿದ ಕೋಣೆಯಲ್ಲಿ ಕೂರಿಸಿ ಕೆಮ್ಮಿಗೆ ಔಷಧಿ ಕೊಟ್ಟರೆ ಗುಣವಾಗುತ್ತದಾ, ಅಮ್ಮಾ? ಮೊದಲು ನೀರು ಸರಿಮಾಡೋಣ. ಒಂದು ವಾರದಲ್ಲಿ ಕಪ್ಪು ಅಂಚು ಒಳಕ್ಕೆ ಸರಿಯುವುದು ನಿಲ್ಲದಿದ್ದರೆ ಆಗ ಔಷಧಿ ಯೋಚಿಸೋಣ. ಹೀಗೆ ಗಡುವು ಇಟ್ಟುಕೊಂಡಿದ್ದರಿಂದ ಎಲ್ಲರೂ ಒಪ್ಪಿದರು.

ಎರಡನೆಯದು, ಈ ಪ್ರಕರಣದ ಮುಖ್ಯ ಪ್ರಶ್ನೆ: ಮೀನನ್ನು ಬೌಲಿಗೆ ಹಾಕಿ ಟ್ಯಾಂಕನ್ನು ಖಾಲಿಯಾಗಿ ಪಕ್ವ ಮಾಡುವುದಾ (ಅಂದರೆ ಆ ಬ್ಯಾಕ್ಟೀರಿಯಾ ನೆಲೆಯೂರಿಸುವುದಾ), ಅಥವಾ ಮೀನು ಇದ್ದ ಹಾಗೇ ಮಾಡುವುದಾ? ಮೀನು ಮನೆಗೆ ಬರುವ ಮೊದಲೇ ಆಗಿದ್ದರೆ ಖಾಲಿ ಟ್ಯಾಂಕೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಬೌಲಿಗೆ ಹಾಕಿದರೆ 2 ಲೀಟರಿನಲ್ಲಿ ಅಮೋನಿಯಾ ಇನ್ನೂ ಬೇಗ ಏರುತ್ತದೆ, ಬಿಸಿ ಹಿಡಿದಿಡಲು ಆಗುವುದಿಲ್ಲ. 20 ಲೀಟರಿನಲ್ಲಿ ಅದೇ ಕೊಳೆ ಹತ್ತು ಪಟ್ಟು ನೀರಿಗೆ ಹಂಚಿಹೋಗುತ್ತದೆ, ನಮಗೆ ಕೈಯಾಡಿಸಲು ಸಮಯ ಸಿಗುತ್ತದೆ. ಹಾಗಾಗಿ ಮೀನು ಟ್ಯಾಂಕಿನಲ್ಲೇ ಇರಲಿ, ದಿನಾ ಪರೀಕ್ಷೆ ಮಾಡೋಣ, ಅಮೋನಿಯಾ ನೈಟ್ರೈಟ್ ಎರಡೂ ಸೇರಿ 0.5 ಪಿಪಿಎಂ ದಾಟಿದ ದಿನ ಅರ್ಧ ನೀರು ಬದಲಿಸೋಣ ಅಂತ ಆಯಿತು. ಟ್ಯಾಂಕಿಗೆ ಹಾಕುವ ನೀರಿಗೆ ಮೊದಲೇ ಕ್ಲೋರಿನ್ ತೆಗೆಯುವ ದ್ರಾವಣ ಹಾಕಬೇಕು. ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ ನಿಜ, ಆದರೆ ಕೆಲವು ಕಡೆ ನಲ್ಲಿ ನೀರಿಗೆ ಕ್ಲೋರಮೈನ್ ಹಾಕುತ್ತಾರೆ, ಅದು ಇಟ್ಟ ಮಾತ್ರಕ್ಕೆ ಹೋಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇತ್ತು. ಹೀಟರ್ ತಂದಿಟ್ಟಿದ್ದರು, 25 ವಾಟ್, 20 ಲೀಟರಿಗೆ ಸರಿಯಾದದ್ದು. ಕೂಡಲೇ ಹಾಕಿ 26 ಡಿಗ್ರಿಗೆ ಏರಿಸೋಣ ಅನ್ನುವುದು ಅವರ ಆತುರ. ಆದರೆ ಅಮೋನಿಯಾದ ವಿಷದ ಪಾಲು ಬಿಸಿ ಏರಿದ ಹಾಗೂ ಏರುತ್ತದೆ. ಅದಕ್ಕೇ ಮೊದಲು ನೀರು ಬದಲಿಸಿದೆವು. ಅರ್ಧ ಅವತ್ತು, ಅರ್ಧ ಮರುದಿನ, ಅದೇ ಬಿಸಿಯ ನೀರು. ಅಮೋನಿಯಾ 0.5ಕ್ಕೆ ಇಳಿದ ಮೇಲೆ ಹೀಟರ್ ಹಾಕಿ, ದಿನಕ್ಕೆ ಒಂದೆರಡು ಡಿಗ್ರಿಯಂತೆ 26ಕ್ಕೆ ತಂದೆವು. ಟ್ಯಾಂಕನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದೆವು. ಅಷ್ಟು ಭಾರ ಎತ್ತುವ ಮೊದಲು ನೀರು ಇಳಿಸಲೇಬೇಕಲ್ವಾ, ಹಾಗಾಗಿ ನೀರು ಬದಲಿಸುವ ಹೊತ್ತಿಗೇ ಅದನ್ನೂ ಮುಗಿಸಿದೆವು.

ಫಿಲ್ಟರ್ ಬದಲಾಯಿಸಿದೆವು. ನೇತು ಹಾಕುವ ಫಿಲ್ಟರ್ ತೆಗೆದು ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಇಟ್ಟು, ಗಾಳಿ ಪೈಪಿಗೆ ಒಂದು ವಾಲ್ವ್ ಹಾಕಿ ಗುಳ್ಳೆ ನಿಧಾನ ಮಾಡಿದೆವು. ನನ್ನ ಟ್ಯಾಂಕಿನಲ್ಲಿ ಬಹಳ ಕಾಲದಿಂದ ಇದ್ದ ಒಂದು ಸ್ಪಾಂಜನ್ನು ತಂದು ಅದರ ಪಕ್ಕದಲ್ಲೇ ಇಟ್ಟೆ. ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಸ್ಪಾಂಜ್, ಕಲ್ಲು, ಗಿಡದ ಮೇಲ್ಮೈಗೆ ಅಂಟಿಕೊಂಡು, ತೇಲುವ ನೀರಲ್ಲಿ ಅಲ್ಲ. ಬೇರೆ ಟ್ಯಾಂಕಿನ ಸ್ಪಾಂಜ್ ತಂದರೆ ರೋಗ ತರುವ ಅಪಾಯವೂ ಇದೆ. ನನ್ನ ಟ್ಯಾಂಕಿಗೆ ಬಹಳ ದಿನದಿಂದ ಹೊಸ ಮೀನು ಬಂದಿರಲಿಲ್ಲ, ಕಾಯಿಲೆಯೂ ಇರಲಿಲ್ಲ, ಅದಕ್ಕೆ ಧೈರ್ಯ ಮಾಡಿದೆ. ಎಲ್ಲಿಂದಲೋ ಗೊತ್ತಿಲ್ಲದ ಸ್ಪಾಂಜ್ ತರಬೇಡಿ.

ಗೊಂಬೆ, ಪ್ಲಾಸ್ಟಿಕ್ ಗಿಡ ಹೊರಗೆ ಬಂದವು. ಯಾವುದೇ ವಸ್ತು ಬೆಟ್ಟಾ ಟ್ಯಾಂಕಿಗೆ ಹಾಕುವ ಮೊದಲು ಅದರ ಮೇಲೆ ಒಂದು ನೈಲಾನ್ ಕಾಲುಚೀಲ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ. ಮಗಳು ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದಳು, ಕಲ್ಲುಗಳನ್ನೂ ಬಿಡಲಿಲ್ಲ. ಬದಲಿಗೆ ಜಾವಾ ಫರ್ನ್, ಅನೂಬಿಯಸ್ ಗಿಡಗಳನ್ನು ಒಂದು ಮರದ ತುಂಡಿಗೆ ಕಟ್ಟಿ ಇಟ್ಟೆವು. ಇವುಗಳ ದಪ್ಪ ಗೆಡ್ಡೆಯಂಥ ಕಾಂಡವನ್ನು ಕಲ್ಲಿನಲ್ಲಿ ಹೂತರೆ ಕೊಳೆಯುತ್ತದೆ, ಕಟ್ಟಿಯೇ ಇಡಬೇಕು. ಮೀನು ಒರಗಿಕೊಂಡು ಮಲಗಲು ಮೇಲಿನ ನೀರಿಗೆ ಹತ್ತಿರ ಒಂದೆರಡು ಅಗಲ ಎಲೆ ಬರುವ ಹಾಗೆ ಜೋಡಿಸಿದೆವು. ಮೇಲೆ ಮುಚ್ಚಳ. ಬೆಟ್ಟಾ ಹಾರುತ್ತದೆ ಅನ್ನುವುದು ಒಂದು ಕಾರಣ, ಮುಚ್ಚಳದ ಕೆಳಗಿನ ಗಾಳಿ ಬೆಚ್ಚಗೆ ತೇವವಾಗಿ ಇರಲಿ ಅನ್ನುವುದು ಇನ್ನೊಂದು. ನೀರಿಗೂ ಮುಚ್ಚಳಕ್ಕೂ ನಡುವೆ ಮೂರು ನಾಲ್ಕು ಸೆಂಟಿಮೀಟರ್ ಜಾಗ ಬಿಟ್ಟೆವು, ಉಸಿರಾಡಲು ಅದು ಬೇಕೇ ಬೇಕು.

ಜೊತೆಗಾರರ ವಿಷಯ ಅಲ್ಲಿಗೇ ಮುಗಿಸಿದೆ. ಗಂಡು ಬೆಟ್ಟಾ ಒಂಟಿ ಜೀವಿ. ಹೆಣ್ಣು ಬಿಟ್ಟರೆ ಅಟ್ಟಾಡಿಸಿ ಗಾಯ ಮಾಡುತ್ತದೆ. ಗೋಲ್ಡ್‌ಫಿಶ್‌ಗೆ ತಂಪು ನೀರು ಬೇಕು, ಅದು ಮಾಡುವ ಹೊಲಸೂ ಬಹಳ, 20 ಲೀಟರು ಅದಕ್ಕೆ ಒಂದಕ್ಕೇ ಸಾಲದು.

ಏನಾಯಿತು

ಮೊದಲು ಬದಲಾಗಿದ್ದು ಉಸಿರಾಟ. ಸ್ಪಾಂಜ್ ಫಿಲ್ಟರ್ ಇಟ್ಟ ದಿನವೇ ಮೀನು ನೇರವಾಗಿ ಮೇಲೆ ಬಂದು, ಗಾಳಿ ತೆಗೆದುಕೊಂಡು, ಆತುರ ಇಲ್ಲದೆ ಇಳಿಯತೊಡಗಿತು. ಬಿಸಿ 26ಕ್ಕೆ ನಿಂತ ಮೇಲೆ ಊಟ ಶುರುವಾಯಿತು. ಕಪ್ಪು ಅಂಚು ಗಡುವಿನೊಳಗೇ ನಿಂತಿತು, ಔಷಧಿ ಬೇಕಾಗಲಿಲ್ಲ. ಎರಡನೇ ವಾರದಲ್ಲಿ ನೈಟ್ರೈಟ್ ಕಾಣಿಸಿಕೊಂಡಿತು. ಮನೆಯವರು ಗಾಬರಿಯಾಗಿ ಫೋನ್ ಮಾಡಿದರು, ನನಗೆ ಖುಷಿಯಾಯಿತು. ಮೊದಲ ಗುಂಪು ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿದೆ ಅಂತ ಅರ್ಥ. ನೀರು ಬದಲಿಸುತ್ತಾ ಹೋದರು. ನಾಲ್ಕನೇ ವಾರದ ಹೊತ್ತಿಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 10 ಪಿಪಿಎಂ ಹತ್ತಿರ. ಬಾಲದ ಅಂಚಿನಲ್ಲಿ ಬಣ್ಣವೇ ಇಲ್ಲದ, ಪಾರದರ್ಶಕ ಹೊಸ ಪೊರೆ ಬೆಳೆಯುತ್ತಿತ್ತು. ಮೊದಲ ಸಲ ನೋಡಿದವರು ಇದನ್ನೇ ಕಾಯಿಲೆ ಅಂದುಕೊಳ್ಳುವುದುಂಟು. ಇದು ಹೊಸ ರೆಕ್ಕೆ, ಬಣ್ಣ ಆಮೇಲೆ ತುಂಬಿಕೊಳ್ಳುತ್ತದೆ.

ಆಮೇಲೆ ಒಂದು ಹಿನ್ನಡೆ. ಎಲ್ಲ ಸರಿಹೋಗಿದೆ ಅನ್ನುವಾಗ ಮೀನು ಮತ್ತೆ ಮಂಕಾಯಿತು, ಅಮೋನಿಯಾ 0.5 ತೋರಿಸಿತು. ವಿಚಾರಿಸಿದರೆ, ಸ್ಪಾಂಜ್ ಕಂದು ಬಣ್ಣಕ್ಕೆ ತಿರುಗಿ ಗಲೀಜಾಗಿ ಕಾಣುತ್ತಿತ್ತು ಅಂತ ಅಜ್ಜಿ ಅದನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಹಿಂಡಿ ತೊಳೆದಿದ್ದರು. ಕಾಳಜಿಯಿಂದಲೇ ಮಾಡಿದ ಕೆಲಸ. ಆ ಕಂದು ಲೋಳೆಯಲ್ಲೇ ಇಷ್ಟು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಇದ್ದದ್ದು, ಕ್ಲೋರಿನ್ ನೀರು ಅದನ್ನು ಕೊಂದಿತ್ತು. ಸ್ಪಾಂಜನ್ನು ನೀರು ಬದಲಿಸುವಾಗ ಟ್ಯಾಂಕಿನಿಂದಲೇ ತೆಗೆದ ನೀರಲ್ಲಿ, ಬಕೆಟ್ಟಿನಲ್ಲಿ ಮೆಲ್ಲಗೆ ಹಿಂಡಬೇಕು, ಅಷ್ಟೇ ಸಾಕು. ಅರ್ಧ ನೀರು ಬದಲಿಸಿ, ಒಂದು ದಿನ ಊಟ ನಿಲ್ಲಿಸಿ, ಮತ್ತೆ ದಿನಾ ಪರೀಕ್ಷೆ. ಕಲ್ಲು, ಗಿಡ, ಮರದ ಮೇಲೂ ಬ್ಯಾಕ್ಟೀರಿಯಾ ಉಳಿದಿದ್ದರಿಂದ ಈ ಸಲ ಬೇಗ ಸರಿಹೋಯಿತು.

ಊಟದ ಲೆಕ್ಕವೂ ಆಗಲೇ ಗೊತ್ತಾಗಿದ್ದು. ಮಗಳು ಬೆಳಗ್ಗೆ ಹಾಕುತ್ತಿದ್ದಳು, ಅಜ್ಜಿ ಮಧ್ಯಾಹ್ನ, ಅಪ್ಪ ಬಂದ ಮೇಲೆ ರಾತ್ರಿ. ಯಾರಿಗೂ ಇನ್ನೊಬ್ಬರು ಹಾಕಿದ್ದು ಗೊತ್ತಿಲ್ಲ. ಮೀನಂತೂ ಯಾರು ಬಂದರೂ ಹಸಿದ ಹಾಗೆ ಮೇಲೆ ಬರುತ್ತದೆ. ಬೆಳಗ್ಗೆ ಸಂಜೆ ಎರಡು ಮೂರು ಸಣ್ಣ ಕಾಳು ಸಾಕು. ಇದು ಹುಳ, ಸೊಳ್ಳೆ ಮರಿ ತಿನ್ನುವ ಮೀನು, ಆಹಾರದಲ್ಲಿ ಮೊದಲ ಸ್ಥಾನ ಮೀನಿನದೋ ಕೀಟದ್ದೋ ಇರಬೇಕು, ಗೋಧಿ ಹಿಟ್ಟಿನದಲ್ಲ. ಹಾಕುವ ಜವಾಬ್ದಾರಿ ಮಗಳೊಬ್ಬಳಿಗೇ ಅಂತ ಗೊತ್ತುಮಾಡಿದರು.

ಇದರಿಂದ ಏನು ಕಲಿಯಬಹುದು

ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಕ್ರಮ. ಟ್ಯಾಂಕ್ ಗಾತ್ರ ಸರಿ ಇತ್ತು, ಹಣ ಖರ್ಚು ಮಾಡಿದ್ದರು, ಪ್ರೀತಿಗೂ ಕೊರತೆ ಇರಲಿಲ್ಲ. ನೀರು ಸಿದ್ಧವಾಗುವ ಮೊದಲೇ ಮೀನು ಬಂತು, ಅಷ್ಟೇ. ಹೊಸದಾಗಿ ಬೆಟ್ಟಾ ತರುವವರು ಟ್ಯಾಂಕ್, ಹೀಟರ್, ಫಿಲ್ಟರ್ ಮೊದಲು ಹೊಂದಿಸಿ, ಅಮೋನಿಯಾದ ಮೂಲ (ಕೊಳೆಯಲು ಬಿಟ್ಟ ಚಿಟಿಕೆ ಮೀನಿನ ಆಹಾರದಂಥದ್ದು) ಕೊಟ್ಟು, ಅಮೋನಿಯಾ ನೈಟ್ರೈಟ್ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುವ ತನಕ ಕಾದರೆ ಮೇಲೆ ಹೇಳಿದ ಅರ್ಧ ಕಷ್ಟ ಇರುವುದೇ ಇಲ್ಲ. ಮಕ್ಕಳಿರುವ ಮನೆಯಲ್ಲಿ ಖಾಲಿ ಟ್ಯಾಂಕ್ ನೋಡುತ್ತಾ ವಾರಗಟ್ಟಲೆ ಕಾಯುವುದು ಕಷ್ಟ, ಗೊತ್ತು. ಗಿಡ ನೆಡುವುದು, ದಿನಾ ಬಣ್ಣದ ಪರೀಕ್ಷೆ ಮಾಡಿ ಬರೆದಿಡುವುದು, ಇವನ್ನು ಅವರ ಕೈಗೇ ಕೊಡಿ.

ಈಗಾಗಲೇ ಮೀನು ತಂದು ಸಿಕ್ಕಿಹಾಕಿಕೊಂಡವರು ವಾಪಸ್ ಬೌಲಿಗೆ ಹಾಕಬೇಡಿ. ಜಾಸ್ತಿ ನೀರು ಇರುವ ಕಡೆಯೇ ಇಟ್ಟು ಪರೀಕ್ಷೆ ಮಾಡುತ್ತಾ ಸ್ವಲ್ಪ ಸ್ವಲ್ಪ ನೀರು ಬದಲಿಸಿ. ಟೆಸ್ಟ್ ಕಿಟ್ ಇಲ್ಲದೆ ಈ ಪ್ರಕರಣದಲ್ಲಿ ಒಂದು ತೀರ್ಮಾನವನ್ನೂ ತೆಗೆದುಕೊಳ್ಳಲು ಆಗುತ್ತಿರಲಿಲ್ಲ, ಟ್ಯಾಂಕಿನ ನೀರು ಕನ್ನಡಿ ಹಾಗೆ ತಿಳಿಯಾಗಿಯೇ ಕಾಣುತ್ತಿತ್ತು. ಮತ್ತೆ, ಮನೆಯಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಲದು. ಸ್ಪಾಂಜಿನ ಕಂದು ಬಣ್ಣ ಯಾಕೆ ಬೇಕು ಅಂತ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಹೇಳಿದ ಮೇಲೆ ಈಗ ವಾರದ ನೀರು ಬದಲಿಸುವ ಕೆಲಸ ಅವರದೇ: ಸೈಫನ್ ಪೈಪಿನಿಂದ ಕಾಲು ಭಾಗ ನೀರು ತೆಗೆದು, ಅದರಲ್ಲೇ ಸ್ಪಾಂಜ್ ಹಿಂಡಿ, ದ್ರಾವಣ ಹಾಕಿದ ನೀರನ್ನು ಥರ್ಮಾಮೀಟರ್ ನೋಡಿ ಬಿಸಿ ಹೊಂದಿಸಿ ತುಂಬುತ್ತಾರೆ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಬಾಲ ಪೂರ್ತಿ ಬೆಳೆದ ಮೇಲೆ ಒಂದು ಬೆಳಗ್ಗೆ ಅರ್ಧ ವೃತ್ತದ ತುಂಡು ಕಾಣೆಯಾಗಿತ್ತು, ಅಂದರೆ ತಾನೇ ಕಚ್ಚಿಕೊಂಡಿದೆ. ನೀರಿನ ಅಂಕಿ ಎಲ್ಲ ಸರಿ. ರಾತ್ರಿ ಕೋಣೆ ಕತ್ತಲಾಗಿ ಟ್ಯಾಂಕಿನ ಲೈಟ್ ಮಾತ್ರ ಉರಿಯುವಾಗ ಗಾಜಿನಲ್ಲಿ ತನ್ನದೇ ಬಿಂಬ ಕಂಡು ಕಿವಿರು ಉಬ್ಬಿಸಿ ಕಾದಾಡುತ್ತಿತ್ತು, ಅದಕ್ಕೆ ಕೋಣೆಯ ದೀಪಕ್ಕಿಂತ ಮೊದಲೇ ಟ್ಯಾಂಕಿನ ದೀಪ ಆರಿಸುವ ಅಭ್ಯಾಸ ಮಾಡಿದ್ದಾರೆ. ಆಮೇಲೆ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಭಾರದ ಬಾಲದ ಹಾಫ್‌ಮೂನ್‌ಗಳಲ್ಲಿ ಇದು ಕಾಣುವ ಅಭ್ಯಾಸ. ಗಾಯ ಕೊಳೆಯದ ಹಾಗೆ ನೀರು ಚೆನ್ನಾಗಿ ಇಟ್ಟುಕೊಂಡು, ಮೀನು ತಿಂದು ಓಡಾಡಿಕೊಂಡು ಇರುವ ತನಕ ಬೇರೇನೂ ಮಾಡುವುದು ಬೇಡ ಅಂತ ಸದ್ಯಕ್ಕೆ ತೀರ್ಮಾನಿಸಿದ್ದೇವೆ. ಮುಂದಿನ ಸಲ ಮೀನು ತರುವುದಾದರೆ ಗಿಡ್ಡ ಬಾಲದ ಪ್ಲಕಾಟ್ ತಳಿ ನೋಡಿ ಅಂತ ಹೇಳಿದ್ದೇನೆ.